ಕತ್ತಲಿಲ್ಲದ ಊರಿನಲ್ಲಿ ಹಾರರ್ ಟ್ರೇಲರ್: ವಿದ್ಯಾರ್ಥಿಗಳಿಗೊಂದು ಸಮಗ್ರ ಮಾರ್ಗದರ್ಶಿ

ಮುಂಬೈಯಲ್ಲಿ ಹಾರರ್ ಮಾಡಲು ಹೊರಟವರಿಗೆ ಮೊದಲು ಎದುರಾಗುವ ತೊಂದರೆ ಏನು ಗೊತ್ತಾ? ಇಲ್ಲಿ ಕತ್ತಲೇ ಸಿಗುವುದಿಲ್ಲ. ಕಿಟಕಿ ಆಚೆ ಬೀದಿದೀಪ, ಎದುರಿನ ಬಿಲ್ಡಿಂಗಿನಲ್ಲಿ ರಾತ್ರಿಯಿಡೀ ಉರಿಯುವ ಟ್ಯೂಬ್‌ಲೈಟ್. ಮಳೆಗಾಲದಲ್ಲಿ ಮೋಡಕ್ಕೂ ಊರಿನ ಬೆಳಕು ತಾಗಿ ಆಕಾಶ ಮಸುಕು ಕೆಂಪಾಗಿರುತ್ತದೆ. ಸದ್ದಿಲ್ಲದ ಹೊತ್ತೂ ಇಲ್ಲ. ಲೋಕಲ್ ರೈಲು ನಿಂತರೆ ಗೂಡ್ಸ್ ಗಾಡಿ, ಅದು ಹೋದರೆ ನಾಯಿ, ನಾಯಿ ಸುಮ್ಮನಾದರೆ ಪಕ್ಕದ ಮನೆಯ ಟಿವಿ.

ನಾನು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಬೆಳೆದು, ಮುಂಬೈಯಲ್ಲಿ ಮಾಸ್ ಮೀಡಿಯಾ ಓದಿದೆ. ಕೊನೆ ವರ್ಷದ ಪ್ರಾಜೆಕ್ಟಿಗೆ ನಾವು ನಾಲ್ವರು ಸೇರಿ ಒಂದು ಹಾರರ್ ಟ್ರೇಲರ್, ಅದಕ್ಕೊಂದು ಪೋಸ್ಟರ್, ಅದೇ ಸಿನಿಮಾವನ್ನು ತೋರಿಸುವ ಒಂದು ಪತ್ರಿಕೆಯ ಮುಖಪುಟ ಮಾಡಿದೆವು. ಈಗ ಎಡಿಟಿಂಗ್ ನನ್ನ ಕೆಲಸ. ಪ್ರತಿ ವರ್ಷ ಇಲ್ಲಿನ ಕನ್ನಡದ ಹುಡುಗ ಹುಡುಗಿಯರು ಇವನ್ನೆಲ್ಲ ಹೇಗೆ ಮಾಡುವುದು ಅನ್ನುವ ಪ್ರಶ್ನೆ ಹಿಡಿದು ಬರುತ್ತಾರೆ. ಅವರಿಗೆ ಬಾಯಲ್ಲಿ ಹೇಳುವುದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಒಂದು ವಸ್ತು, ಒಂದು ಸದ್ದು, ಒಂದು ಸಾಲು

ಕ್ಯಾಮೆರಾ ಹಿಡಿಯುವ ಮೊದಲು ಈ ಮೂರನ್ನು ಗೊತ್ತುಮಾಡಿಕೊಳ್ಳಿ. ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಟ್ರೇಲರ್ ಬೇರೆ, ಪೋಸ್ಟರ್ ಬೇರೆ, ಮುಖಪುಟ ಬೇರೆ ಅಂತ ಯೋಚಿಸಿದವರ ಕೆಲಸ ಮೂರು ಬೇರೆ ಬೇರೆ ಸಿನಿಮಾಗಳಂತೆ ಕಾಣುತ್ತದೆ.

ನಮ್ಮ ಕಥೆ ಇಷ್ಟೇ. ಚಾಳ್ (ಸಾಲುಕೋಣೆಗಳ ಹಳೆ ವಠಾರ) ಬಿಟ್ಟು ಹೊಸ ಬಿಲ್ಡಿಂಗಿಗೆ ಬಂದ ಉಡುಪಿ ಕಡೆಯ ಮನೆಯವರು. ಮಗಳು ರಾತ್ರಿ ಓದುತ್ತಿರುವಾಗ ಮೇಲಿನ ಮನೆಯಲ್ಲಿ ಯಾರೋ ರುಬ್ಬುವ ಕಲ್ಲು ತಿರುಗಿಸುತ್ತಿರುವ ಸದ್ದು. ಬೆಳಿಗ್ಗೆ ಅಮ್ಮನಿಗೆ ಹೇಳುತ್ತಾಳೆ. ಅಮ್ಮ ಅನ್ನುತ್ತಾರೆ: "ಮೇಲೆ ಯಾವ ಮನೆ ಮಾರಾಯ್ತಿ? ನಮ್ಮದೇ ಕೊನೆ ಮಾಳಿಗೆ." ಸಿನಿಮಾದ ಹೆಸರು 'ಮೇಲಿನ ಮನೆ'. ವಸ್ತು ರುಬ್ಬುವ ಕಲ್ಲು. ಸದ್ದು ಆ ಕಲ್ಲಿನದ್ದೇ. ಸಾಲು: ಮೇಲೆ ಯಾರೂ ಇಲ್ಲ.

ನಿಮ್ಮದು ಏನೇ ಇರಲಿ, ಮನೆಯಲ್ಲಿ ದಿನಾ ಕಾಣುವ ವಸ್ತುವನ್ನೇ ಆರಿಸಿ. ಹಾಳುಬಿದ್ದ ಬಂಗಲೆ, ಬಿಳಿ ಸೀರೆ, ಬಿಚ್ಚುಗೂದಲು ನೋಡಿ ನೋಡಿ ಜನರ ಕಣ್ಣಿಗೆ ಅಭ್ಯಾಸವಾಗಿದೆ. ಅಡುಗೆಮನೆಯ ವಸ್ತು ಹಾಗಲ್ಲ. ಟ್ರೇಲರ್ ನೋಡಿದವರು ಮನೆಗೆ ಹೋದ ಮೇಲೆ ಅದು ಅಲ್ಲೇ ಕೂತಿರುತ್ತದೆ. 1990ರ ದಶಕದಲ್ಲಿ ಕರ್ನಾಟಕದಲ್ಲಿ ಹಬ್ಬಿದ್ದ ಒಂದು ವದಂತಿ ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು. ರಾತ್ರಿ ಬಂದು ಬಾಗಿಲು ತಟ್ಟುವವಳನ್ನು ವಾಪಸ್ ಕಳಿಸಲು ಜನ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ದರು. ಎರಡೇ ಪದ, ಅದೂ ಸ್ವಂತ ಬಾಗಿಲ ಮೇಲೆ. ಅದಕ್ಕಿಂತ ಒಳ್ಳೆಯ ಹಾರರ್ ಪೋಸ್ಟರ್ ನಾನು ಇನ್ನೂ ನೋಡಿಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಜಾಸ್ತಿ ಜನ ಕರಾವಳಿಯವರು. ಹಾರರ್ ಅಂದ ಕೂಡಲೇ ದೈವ, ಕೋಲ, ಮುಖವರ್ಣಿಕೆ ನೆನಪಾಗುತ್ತದೆ. ದಯವಿಟ್ಟು ಅದನ್ನು ಹೆದರಿಸಲು ಬಳಸಬೇಡಿ. ಅಲ್ಲಿ 'ಭೂತ' ಅಂದರೆ ದೆವ್ವ ಅಲ್ಲ. ಅದು ಜನ ಕೈಮುಗಿಯುವ, ನ್ಯಾಯ ಕೇಳುವ ಆರಾಧನೆ. ನಾಲ್ಕು ಸೆಕೆಂಡಿನ ಶಾಟ್‌ಗಾಗಿ ನಿಮ್ಮ ಅಜ್ಜಿಯ ನಂಬಿಕೆಯನ್ನು ಸೆಟ್ಟಿನ ಸಾಮಾನು ಮಾಡಿಕೊಳ್ಳುವುದು ಸರಿಯಲ್ಲ.

ಸಿನಿಮಾ ಇಲ್ಲದೆ ಟ್ರೇಲರ್ ಮಾಡಬಹುದಾ?

ಮಾಡಬಹುದು. ವಿದ್ಯಾರ್ಥಿಗಳು ಮಾಡುವುದೇ ಹಾಗೆ. 1960ರಲ್ಲಿ ನಿರ್ದೇಶಕ ಹಿಚ್‌ಕಾಕ್ ತಮ್ಮ 'ಸೈಕೋ' ಸಿನಿಮಾಗೆ ಮಾಡಿದ ಟ್ರೇಲರ್ ಆರು ನಿಮಿಷಕ್ಕಿಂತ ಉದ್ದ. ಅದರಲ್ಲಿ ಅವರೇ ಸೆಟ್ಟಿನ ಮನೆ ತೋರಿಸುತ್ತಾ ಓಡಾಡುತ್ತಾರೆ. ಕೊನೆಯಲ್ಲಿ ಕಿರುಚುವ ನಟಿ ಕೂಡ ಸಿನಿಮಾದ ಆ ದೃಶ್ಯದಲ್ಲಿ ಇರುವವರಲ್ಲ. ಅಂದರೆ ಟ್ರೇಲರಿಗೆ ಅಂತಲೇ ಬೇರೆ ಚಿತ್ರೀಕರಣ ಮಾಡುವುದು ಹಳೆಯ ರೂಢಿ.

ಆದರೆ ಕಥೆ ಪೂರ್ತಿ ಗೊತ್ತಿರಬೇಕು. ಒಂದು ಪುಟದಲ್ಲಿ ಕಥೆಯನ್ನು ಕೊನೆಯವರೆಗೆ ಬರೆಯಿರಿ. ಆಮೇಲೆ ಏನನ್ನು ತೋರಿಸುವುದಿಲ್ಲ ಅನ್ನುವುದಕ್ಕೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯಿರಿ. ನಮ್ಮಲ್ಲಿ ಕಲ್ಲು ತಿರುಗಿಸುವ ಕೈಗೆ ಕೆಂಪು ಗೆರೆ ಬಿತ್ತು.

ಉದ್ದ 60ರಿಂದ 90 ಸೆಕೆಂಡು ಸಾಕು. ಚಿತ್ರಮಂದಿರದ ಟ್ರೇಲರ್ ಎರಡು ಎರಡೂವರೆ ನಿಮಿಷ ಇರುತ್ತದೆ ಅಂತ ನೀವೂ ಎಳೆಯಲು ಹೋಗಬೇಡಿ. ಅವರ ಹತ್ತಿರ ತುಂಬಲು ಇಡೀ ಸಿನಿಮಾ ಇದೆ. ನಾವು ಕಾಗದದ ಮೇಲೆ ಹಾಕಿಕೊಂಡ 75 ಸೆಕೆಂಡಿನ ಲೆಕ್ಕ ಹೀಗಿತ್ತು:

0–15: ಸಾಮಾನ್ಯ ಮನೆ. ಅಮ್ಮ ಅಕ್ಕಿ ನೆನೆಹಾಕುತ್ತಾರೆ. ಮಗಳು ಓದುತ್ತಾಳೆ. ಒಂದೊಂದು ಶಾಟ್ ಮೂರು ನಾಲ್ಕು ಸೆಕೆಂಡು. ಸಂಗೀತ ಇಲ್ಲ.

15–35: ಸದ್ದು ಶುರು. ಮಗಳು ತಲೆ ಎತ್ತುತ್ತಾಳೆ. ಕ್ಯಾಮೆರಾ ಅವಳ ಮುಖದ ಮೇಲೇ ಇರುತ್ತದೆ, ಮೇಲಕ್ಕೆ ಹೋಗುವುದಿಲ್ಲ. ಅಮ್ಮನ ಮಾತು ಇಲ್ಲಿ ಬರುತ್ತದೆ.

35–60: ಟೆರೇಸಿನ ಬೀಗ, ಮೆಟ್ಟಿಲು, ಸೀಲಿಂಗಿನಿಂದ ಪುಸ್ತಕದ ಮೇಲೆ ಬಿದ್ದ ಒಂದು ಬಿಳಿ ಹನಿ. ಅದು ನೀರಲ್ಲ, ಅಕ್ಕಿ ಹಿಟ್ಟು. ಶಾಟ್‌ಗಳು ಎರಡು ಸೆಕೆಂಡು, ಒಂದು ಸೆಕೆಂಡು, ಕೊನೆಗೆ ಅರ್ಧ ಸೆಕೆಂಡಿಗೆ ಇಳಿಯುತ್ತವೆ. ಕಲ್ಲಿನ ವೇಗವೂ ಹಾಗೇ ಏರುತ್ತದೆ.

60–64: ಕಪ್ಪು ತೆರೆ. ಸದ್ದು ಪೂರ್ತಿ ಬಂದ್.

64–70: ಸಿನಿಮಾದ ಹೆಸರು.

70–75: ಟೆರೇಸ್. ಕಲ್ಲು ಒಂದೇ ಕೂತಿದೆ, ತುಂಬ ಹೊಸ ಹಿಟ್ಟು. ಗುಂಡುಕಲ್ಲು ಆಗಷ್ಟೇ ನಿಂತ ಹಾಗೆ ಒಂಚೂರು ಅಲುಗುತ್ತದೆ.

ಆ ನಾಲ್ಕು ಸೆಕೆಂಡಿನ ಮೌನಕ್ಕೆ ತಂಡದಲ್ಲಿ ಜಗಳವೇ ಆಯಿತು. ಒಬ್ಬನಿಗೆ ಅಲ್ಲಿ ಕಿರುಚಾಟ ಬೇಕಿತ್ತು. ನಾನು ಒಪ್ಪಲಿಲ್ಲ. ಮುಕ್ಕಾಲು ನಿಮಿಷದಿಂದ ಕಿವಿಯಲ್ಲಿದ್ದ ಸದ್ದು ತಟ್ಟನೆ ನಿಂತರೆ ನೋಡುವವರೇ ಕಿವಿಗೊಟ್ಟು ಹುಡುಕಲು ಶುರು ಮಾಡುತ್ತಾರೆ. ಆ ಹುಡುಕಾಟದಲ್ಲೇ ಹೆದರಿಕೆ ಹುಟ್ಟುವುದು.

ಜನ, ಜಾಗ, ಪರ್ಮಿಷನ್

ಮುಂಬೈಯ ರಾಮ್ಸೆ ಸಹೋದರರು ಎಪ್ಪತ್ತು, ಎಂಬತ್ತರ ದಶಕದಲ್ಲಿ ಕಡಿಮೆ ಖರ್ಚಿನಲ್ಲಿ ಸಾಲು ಸಾಲು ಹಾರರ್ ಸಿನಿಮಾ ಮಾಡಿದ್ದು ಹೇಗೆ? ಒಂದೇ ಮನೆಯ ಏಳು ಅಣ್ಣತಮ್ಮಂದಿರು ಕೆಲಸ ಹಂಚಿಕೊಂಡಿದ್ದರು. ನಿರ್ದೇಶನ, ಬರವಣಿಗೆ, ಕ್ಯಾಮೆರಾ, ಸೌಂಡ್, ಎಡಿಟಿಂಗ್ ಎಲ್ಲ ಮನೆಯೊಳಗೇ. ನೀವು ನಾಲ್ಕು ಜನ ಇದ್ದರೂ ಹೀಗೇ ಹಂಚಿಕೊಳ್ಳಿ. ಸೌಂಡಿಗೆ ಅಂತ ಒಬ್ಬರು ಇರಲೇಬೇಕು. ಹಾರರ್‌ನಲ್ಲಿ ಆ ಕೆಲಸ ಯಾರಿಗಾದರೂ ಉಳಿದುಬಿದ್ದ ಕೆಲಸ ಆಗಬಾರದು.

ಜಾಗಕ್ಕೆ ಮನೆ, ಮೆಟ್ಟಿಲು, ಟೆರೇಸ್ ಸಾಕು. ಟೆರೇಸಿಗೆ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ಹತ್ತಿರ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ವಾಚ್‌ಮನ್‌ಗೆ ದಿನ, ಹೊತ್ತು ತಿಳಿಸಿ. ಅಕ್ಕಪಕ್ಕದ ಮನೆಗಳಿಗೆ ನೀವೇ ಹೋಗಿ ಹೇಳಿ. ರಾತ್ರಿ ಹನ್ನೊಂದಕ್ಕೆ ಹುಡುಗಿಯ ಕಿರುಚಾಟ ಕೇಳಿದರೆ ಯಾರಾದರೂ ಪೊಲೀಸರಿಗೆ ಫೋನ್ ಮಾಡುತ್ತಾರೆ, ಮಾಡಲೂ ಬೇಕು. ಕಿರುಚುವುದಿದ್ದರೆ ಹಗಲಲ್ಲಿ ಕೋಣೆಯೊಳಗೆ ಬೇರೆಯಾಗಿ ರೆಕಾರ್ಡ್ ಮಾಡಿ.

ಲೋಕಲ್ ರೈಲಿನಲ್ಲಿ, ಸ್ಟೇಷನ್ನಿನಲ್ಲಿ ಸುಮ್ನೆ ಮೊಬೈಲ್ ಹಿಡಿದು ಶೂಟಿಂಗ್ ಮಾಡಿಬಿಡೋಣ ಅನ್ನಬೇಡಿ. ಅದಕ್ಕೆ ರೈಲ್ವೆಯ ಅನುಮತಿ ಬೇಕು. ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಅರಣ್ಯ ಇಲಾಖೆಯದ್ದು ಬೇಕು. ರಸ್ತೆ, ಪಾರ್ಕು, ಬೀಚ್ ಅಂದರೂ ಕಾಗದಪತ್ರ ಇದ್ದೇ ಇದೆ. ಕಾಲೇಜಿನ ಪತ್ರ ಸದಾ ಚೀಲದಲ್ಲಿರಲಿ. ಡ್ರೋನ್ ಆಸೆಯನ್ನಂತೂ ಈ ಊರಲ್ಲಿ ಬಿಟ್ಟುಬಿಡಿ. ನಟಿಸುವ ಎಲ್ಲರಿಂದಲೂ ಒಂದು ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಹದಿನೆಂಟು ತುಂಬದವರಿದ್ದರೆ ಅಪ್ಪ ಅಮ್ಮನ ಸಹಿ ಬೇಕು.

ಚಿತ್ರೀಕರಣ

ನಮ್ಮ ಮೊದಲ ರಾತ್ರಿ ಪೂರ್ತಿ ಹಾಳಾಯಿತು. ಸಂಜೆ ಏಳರಿಂದ ರಾತ್ರಿ ಎರಡರವರೆಗೆ ಶೂಟ್ ಮಾಡಿ, ಬೆಳಿಗ್ಗೆ ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಪ್ರತಿ ಶಾಟ್‌ನಲ್ಲೂ ಗೋಡೆಯ ಮೇಲೆ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಇಳಿಯುತ್ತಿದ್ದವು. ಮೊಬೈಲ್ ತನ್ನ ಪಾಡಿಗೆ ಸೆಕೆಂಡಿಗೆ 30 ಫ್ರೇಮ್‌ನಲ್ಲಿ ಓಡುತ್ತಿತ್ತು, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು) ಕೂಡ ತಾನೇ ಬದಲಾಯಿಸಿಕೊಳ್ಳುತ್ತಿತ್ತು. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಅಂದರೆ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಗೆ ಕಾಣುತ್ತದೆ. ಪರಿಹಾರ ಸುಲಭ: ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡು. ಐಫೋನಿನಲ್ಲಿ ಕ್ಯಾಮೆರಾ ಸೆಟ್ಟಿಂಗಿಗೆ ಹೋಗಿ 'ಪಾಲ್ ಫಾರ್ಮ್ಯಾಟ್' ಆನ್ ಮಾಡಿದರೆ 25 ಫ್ರೇಮ್ ಸಿಗುತ್ತದೆ. ಆಂಡ್ರಾಯ್ಡಿನಲ್ಲಿ ಪ್ರೊ ಮೋಡ್ ನೋಡಿ. ಇಲ್ಲದಿದ್ದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಅನ್ನುವ ಉಚಿತ ಆ್ಯಪ್ ನಿಮ್ಮ ಫೋನಿಗೆ ಸಿಗುತ್ತದಾ ನೋಡಿ.

ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ), ಫೋಕಸ್ ಮೂರನ್ನೂ ಲಾಕ್ ಮಾಡಿ. ಲಾಕ್ ಮಾಡದಿದ್ದರೆ ಕತ್ತಲಾದ ಕೂಡಲೇ ಫೋನ್ ಐಎಸ್‌ಒ ಏರಿಸಿ, ಚಿತ್ರದ ತುಂಬ ಕಾಳು ಕಾಳು ಎಬ್ಬಿಸುತ್ತದೆ. ಹಾರರ್ ಅಂತ ಪೂರ್ತಿ ಕತ್ತಲಲ್ಲಿ ಶೂಟ್ ಮಾಡುವುದೇ ಹೊಸಬರ ದೊಡ್ಡ ತಪ್ಪು. ಬೆಳಕಿನಲ್ಲಿ ಶೂಟ್ ಮಾಡಿ, ಕತ್ತಲನ್ನು ಎಡಿಟಿಂಗಿನಲ್ಲಿ ತನ್ನಿ. ಮುಸ್ಸಂಜೆಯ ಇಪ್ಪತ್ತು ನಿಮಿಷ ಇದಕ್ಕೆ ಬಹಳ ಒಳ್ಳೆಯದು. ಕಿಟಕಿ ಆಚೆ ನೀಲಿ ಉಳಿದಿರುತ್ತದೆ, ಒಳಗೆ ಒಂದು ಬಲ್ಬ್ ಸಾಕು.

ದೀಪಕ್ಕೆ ನಾವು ಬಳಸಿದ್ದು 9 ವ್ಯಾಟಿನ ಒಂದು ಎಲ್‌ಇಡಿ ಬಲ್ಬು, ಓದುವ ಮೇಜಿನ ಒಂದು ದೀಪ, ಬೆಣ್ಣೆ ಕಾಗದ, ಕಪ್ಪು ಬೆಡ್‌ಶೀಟು. ಬೆಣ್ಣೆ ಕಾಗದವನ್ನು ದೀಪದಿಂದ ಒಂದು ಗೇಣು ದೂರ ಹಿಡಿಯಿರಿ, ಬಿಸಿಗೆ ತಾಗಿಸಬೇಡಿ. ದೀಪ ಮುಖದ ಎದುರಿಗೆ ಬೇಡ, ಪಕ್ಕಕ್ಕಿರಲಿ. ಅರ್ಧ ಮುಖ ಕಾಣಲಿ. ಮುಖದ ಹಿಂದಿನ ಬಾಗಿಲು ಅರ್ಧ ತೆರೆದಿರಲಿ. ಅಲ್ಲಿ ಏನನ್ನೂ ಇಡಬೇಡಿ. ನೋಡುವವರು ತಾವೇ ಏನೋ ಇಟ್ಟುಕೊಳ್ಳುತ್ತಾರೆ.

ರಕ್ತ ಬೇಕೇ ಬೇಕು ಅಂದರೆ ಸಕ್ಕರೆ ಪಾಕ, ಅಡುಗೆಯ ಕೆಂಪು ಬಣ್ಣ, ಚಿಟಿಕೆ ಕೋಕೋ ಪುಡಿ. ಬಟ್ಟೆಗೆ ತಾಗಿದರೆ ಕಲೆ ಹೋಗುವುದಿಲ್ಲ, ಹಳೆ ಬಟ್ಟೆ ಹಾಕಿಸಿ.

ಸದ್ದು: ಜಾಸ್ತಿ ಹೊತ್ತು ಇಲ್ಲಿ ಕೊಡಿ

ಯಾರಾದರೂ ನನ್ನ ಹತ್ತಿರ ಒಂದೇ ಒಂದು ಸಲಹೆ ಕೇಳಿದರೆ ನಾನು ಹೇಳುವುದು ಇದನ್ನೇ. ಎಷ್ಟು ದಿನ ಶೂಟ್ ಮಾಡಿದಿರೋ ಅಷ್ಟೇ ದಿನ ಸದ್ದಿಗೆ ಇಡಿ. ಕತ್ತಲು ಸಿಗದ ಊರಲ್ಲಿ ಕತ್ತಲಿನ ಕೆಲಸವನ್ನೂ ಸದ್ದೇ ಮಾಡಬೇಕು.

ನಮಗೆ ರುಬ್ಬುವ ಕಲ್ಲು ಸಿಕ್ಕಿದ್ದು ಮಾಟುಂಗಾದ ಒಬ್ಬ ಗೆಳತಿಯ ಮನೆಯಲ್ಲಿ. ಬಾಲ್ಕನಿಯಲ್ಲಿ ತುಳಸಿ ಕುಂಡದ ಪಕ್ಕ ಕೂತಿತ್ತು. ನಾವು ಖಾಲಿ ಕಲ್ಲನ್ನೇ ತಿರುಗಿಸಿ ರೆಕಾರ್ಡ್ ಮಾಡಿಕೊಂಡೆವು. ಅವಳ ಅಜ್ಜಿ ಬಾಗಿಲಲ್ಲಿ ನಿಂತು ಕೇಳಿ, "ಇದು ರುಬ್ಬಿದ ಸದ್ದಾ? ಕಲ್ಲಿಗೆ ಕಲ್ಲು ಉಜ್ಜಿದ್ದು ಇದು. ಅಕ್ಕಿ ಹಾಕಿ ಮಗಾ" ಅಂದರು. ನೆನೆಸಿದ ಅಕ್ಕಿ ಎರಡು ಹಿಡಿ ಹಾಕಿ, ತಾವೇ ಕೂತು ತಿರುಗಿಸಿದರು. ಮೊದಲು ಕರಕರ. ಆಮೇಲೆ ನೀರು ಹಾಕಿದಂತೆ ಗರಗರ. ಹಿಟ್ಟು ನುಣ್ಣಗಾದಾಗ ಸದ್ದೇ ತಗ್ಗಿ, ನಡುನಡುವೆ ಲೊಚಕ್ ಅನ್ನುವ ಒದ್ದೆ ಸದ್ದು. ಆ ಲೊಚಕ್ಕೇ ನಮ್ಮ ಟ್ರೇಲರಿನ ಪ್ರಾಣವಾಯಿತು. ಹಾಗಾಗಿ ನಿಮ್ಮ ವಸ್ತುವಿನ ಸದ್ದು ಏನೇ ಇರಲಿ, ಅದನ್ನು ದಿನಾ ಬಳಸಿದವರ ಎದುರಿಗೆ ರೆಕಾರ್ಡ್ ಮಾಡಿ.

ಫೋನನ್ನು ವಸ್ತುವಿನಿಂದ ಒಂದು ಗೇಣು ದೂರದಲ್ಲಿ, ಮಡಚಿದ ಬಟ್ಟೆಯ ಮೇಲೆ ಇಡಿ. ನೆಲದ ಮೇಲಿಟ್ಟರೆ ಅದುರುತ್ತದೆ. ಫ್ಯಾನ್, ಫ್ರಿಜ್ ಬಂದ್. ನಮ್ಮ ಊರಲ್ಲಿ ತಕ್ಕಮಟ್ಟಿಗೆ ಮೌನ ಸಿಗುವುದು ಕೊನೆಯ ಲೋಕಲ್ ಹೋದ ಮೇಲೆ, ಬೆಳಗಿನ ಮೊದಲ ಲೋಕಲ್ ಬರುವ ಮುಂಚೆ. ಸುಮಾರು ಎರಡರಿಂದ ಮೂರೂವರೆ. ಆಗ ಅದೇ ಕೋಣೆಯ ಖಾಲಿ ಸದ್ದನ್ನು ಒಂದು ನಿಮಿಷ ಹಿಡಿದಿಟ್ಟುಕೊಳ್ಳಿ. ಮಾತಿನ ನಡುವಿನ ಸಂದಿಗಳನ್ನು ತುಂಬಲು ಬೇಕಾಗುತ್ತದೆ. ಮಾತುಗಳನ್ನು ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು, ಅದರ ಎದುರಿಗೆ ರೆಕಾರ್ಡ್ ಮಾಡಿದರೆ ಗೋಡೆಯ ಮಾರ್ದನಿ ಬರುವುದಿಲ್ಲ.

ಸಿನಿಮಾ ಹಾಡನ್ನಾಗಲಿ, ಬೇರೆಯವರ ಹಿನ್ನೆಲೆ ಸಂಗೀತವನ್ನಾಗಲಿ ಎತ್ತಿ ಹಾಕಬೇಡಿ. ಯೂಟ್ಯೂಬ್ ಕಂಡುಹಿಡಿಯುತ್ತದೆ. ಫ್ರೀಸೌಂಡ್ ತಾಣದಲ್ಲಿ ಸದ್ದುಗಳು ಉಚಿತವಾಗಿ ಸಿಗುತ್ತವೆ. ಆದರೆ ಒಂದೊಂದರ ಲೈಸೆನ್ಸ್ ಓದಿ. 'ಸಿಸಿ0' ಅಂತಿದ್ದರೆ ಹೆಸರು ಹಾಕದೆಯೂ ಬಳಸಬಹುದು. ಮಿಕ್ಸ್ ಮಾಡಲು ಆಡಾಸಿಟಿ ಅನ್ನುವ ಸಾಫ್ಟ್‌ವೇರ್ ಸಾಕು. ರೆಕಾರ್ಡಿಂಗ್ 48 ಕಿಲೋಹರ್ಟ್ಸ್‌ನಲ್ಲಿರಲಿ. ಹೆಡ್‌ಫೋನಿನಲ್ಲಿ ಗುಡುಗುವ ಕೆಳದನಿ ಫೋನಿನ ಪುಟ್ಟ ಸ್ಪೀಕರಿನಲ್ಲಿ ಕೇಳಿಸುವುದೇ ಇಲ್ಲ. ಜಾಸ್ತಿ ಜನ ನೋಡುವುದು ಫೋನಿನಲ್ಲೇ ಅಲ್ವಾ? ಅದಕ್ಕೇ ಎರಡರಲ್ಲೂ ಕೇಳಿ ನೋಡಿ.

ಎಡಿಟಿಂಗ್, ಆಮೇಲೆ ಕನ್ನಡ ಅಕ್ಷರದ ಪಾಡು

ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನ ಉಚಿತ ಆವೃತ್ತಿಯಲ್ಲೇ ಎಲ್ಲ ಆಗುತ್ತದೆ, ಆದರೆ ಒಳ್ಳೆಯ ಕಂಪ್ಯೂಟರ್ ಕೇಳುತ್ತದೆ. ಹಳೆ ಲ್ಯಾಪ್‌ಟಾಪ್ ಆದರೆ ಕೆಡೆನ್‌ಲೈವ್ ಅಥವಾ ಶಾಟ್‌ಕಟ್. ಮೊದಲು ಸದ್ದಿನ ಸಾಲನ್ನು ಟೈಮ್‌ಲೈನಿನಲ್ಲಿ ಹಾಸಿ. ಅದರ ಮೇಲೆ ಚಿತ್ರ ಕೂರಿಸಿ. ಬಣ್ಣ ಸರಿಮಾಡುವಾಗ ನೆರಳನ್ನು ಇಳಿಸಿ, ಚರ್ಮದ ಬಣ್ಣ ಉಳಿಸಿ. ಎಲ್ಲವನ್ನೂ ಹಸಿರು ನೀಲಿ ಮಾಡಿದರೆ ಹೆದರಿಕೆ ಬರುವುದಿಲ್ಲ, ಜ್ವರ ಬಂದವರಂತೆ ಕಾಣುತ್ತಾರೆ.

ಈಗ ನನಗೆ ಹೊಟ್ಟೆ ಉರಿಯುವ ವಿಷಯ. ಎಷ್ಟೋ ವಿದ್ಯಾರ್ಥಿಗಳ ಕನ್ನಡ ಟ್ರೇಲರಿನಲ್ಲಿ ಒತ್ತಕ್ಷರ ಒಡೆದಿರುತ್ತದೆ. 'ಮೇಲೆ ಯಾರೂ ಇಲ್ಲ' ಅನ್ನುವುದು ತೆರೆಯ ಮೇಲೆ 'ಮೇಲೆ ಯಾರೂ ಇಲ್‌ಲ' ಅಂತ ಬರುತ್ತದೆ. ಅಷ್ಟು ಹೊತ್ತು ಕಟ್ಟಿದ ಭಯ ಆ ಒಂದು ಅಕ್ಷರದಲ್ಲಿ ಇಳಿದುಹೋಗುತ್ತದೆ. ತಪ್ಪು ನಿಮ್ಮದಲ್ಲ. ಕೆಲವು ಸಾಫ್ಟ್‌ವೇರ್‌ಗಳಿಗೆ ಕನ್ನಡದ ಅಕ್ಷರ ಜೋಡಿಸಲು ಬರುವುದಿಲ್ಲ. ಹಳೆಯ ಫೋಟೋಶಾಪ್ ಆದರೆ ಟೈಪ್ ಸೆಟ್ಟಿಂಗಿನಲ್ಲಿ 'ವರ್ಲ್ಡ್ ರೆಡಿ' ಲೇಔಟ್ ಆರಿಸಿ. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಒಡೆದರೆ, ಇಂಕ್‌ಸ್ಕೇಪ್ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರಿನಲ್ಲಿ ಯೂನಿಕೋಡ್ ಅಕ್ಷರದಲ್ಲಿ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರವಾಗಿ ತೆಗೆದು ಟೈಮ್‌ಲೈನಿಗೆ ಹಾಕಿ. ಎಲ್ಲಿ ಬೇಕಾದರೂ ಹಾಗೇ ಉಳಿಯುತ್ತದೆ.

ಫಾಂಟ್ ಬೇಕೆಂದರೆ ಮುಂಬೈಯ ಏಕ್ ಟೈಪ್ ಸಂಸ್ಥೆ ಮಾಡಿದ ಬಾಲೂ ತಮ್ಮ, ಅನೇಕ್ ಕನ್ನಡ ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಬಾಲೂ ದುಂಡಗೆ ಮುದ್ದಾಗಿದೆ, ಹಾರರ್‌ಗೆ ಬೇಡ. ಅನೇಕ್ ಕನ್ನಡದ ತೆಳು ಅಕ್ಷರ ಚೆನ್ನಾಗಿ ಹೊಂದುತ್ತದೆ. ನಾವು ಕೊನೆಗೆ ಫಾಂಟನ್ನೇ ಬಿಟ್ಟೆವು. ಕಪ್ಪು ಕಡಪ ಕಲ್ಲಿನ ಮೇಲೆ ಅಕ್ಕಿ ಹಿಟ್ಟಿನಲ್ಲಿ ಬೆರಳಿನಿಂದ 'ಮೇಲಿನ ಮನೆ' ಅಂತ ಬರೆದು ಫೋಟೋ ತೆಗೆದೆವು. ರಕ್ತ ಸೋರುವ ಅಕ್ಷರಕ್ಕಿಂತ ಅದು ಎಷ್ಟೋ ಪಾಲು ಮೇಲು.

ಮುಂಬೈಯಲ್ಲಿ ನೋಡುವವರು ಬರೀ ಕನ್ನಡದವರಲ್ಲ. ಮರಾಠಿ ಅಥವಾ ಇಂಗ್ಲಿಷ್ ಸಬ್‌ಟೈಟಲ್ ಹಾಕಿ. ಮನೆಯೊಳಗಿನ ಮಾತು ಕನ್ನಡದಲ್ಲಿ, ವಾಚ್‌ಮನ್ ಜೊತೆ ಹಿಂದಿಯಲ್ಲಿ ಇದ್ದರೆ ಸಹಜ.

ಪೋಸ್ಟರ್ ಮತ್ತು ಮುಖಪುಟ

ವಿಡಿಯೋದಿಂದ ಫ್ರೇಮ್ ಕಿತ್ತು ಪೋಸ್ಟರ್ ಮಾಡಬೇಡಿ. ಫುಲ್ ಎಚ್‌ಡಿ ಫ್ರೇಮ್ 1920×1080 ಪಿಕ್ಸೆಲ್. ಎ3 ಪೋಸ್ಟರ್ ಚೊಕ್ಕವಾಗಿ ಪ್ರಿಂಟ್ ಆಗಲು 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ 3508×4961 ಪಿಕ್ಸೆಲ್ ಬೇಕು. ಶೂಟಿಂಗ್ ದಿನವೇ ಪೋಸ್ಟರಿಗೆ ಅಂತ ಬೇರೆ ಫೋಟೋ ತೆಗೆದುಕೊಳ್ಳಿ. ಹೆಸರು ಕೂರಲು ಖಾಲಿ ಜಾಗ ಬಿಟ್ಟು ತೆಗೆಯಿರಿ. ನಮ್ಮದರಲ್ಲಿ ಟೆರೇಸ್, ನೀರಿನ ಟ್ಯಾಂಕ್, ಹಿಂದೆ ಸಾವಿರ ಕಿಟಕಿಗಳ ಬೆಳಕು, ಮುಂದೆ ಒಂಟಿ ಕಲ್ಲು. ಆ ಊರಿನ ಬೆಳಕನ್ನೇ ನಾವು ಅಷ್ಟು ದಿನ ಬೈದಿದ್ದೆವು. ಪೋಸ್ಟರಿನಲ್ಲಿ ಅದೇ ಕೆಲಸಕ್ಕೆ ಬಂತು. ಅಷ್ಟು ಜನರ ನಡುವೆ ಆ ಕಲ್ಲು ಇನ್ನೂ ಒಂಟಿಯಾಗಿ ಕಂಡಿತು.

ಕೆಳಗೆ ಹೆಸರುಗಳ ಸಾಲು, ಬಿಡುಗಡೆ ದಿನ. ಪೋಸ್ಟರನ್ನು ವಾಟ್ಸಾಪಿನಲ್ಲಿ ನಿಮಗೇ ಕಳಿಸಿಕೊಂಡು ತೆರೆಯದೆ ನೋಡಿ. ಚಿಕ್ಕ ಚಿತ್ರದಲ್ಲೂ ಹೆಸರು ಓದಲು ಬರಬೇಕು. ಪ್ರಿಂಟಿಗೆ ಕೊಡುವ ಮುಂಚೆ ಝೆರಾಕ್ಸ್ ಅಂಗಡಿಯಲ್ಲಿ ಒಂದೇ ಪ್ರತಿ ತೆಗೆಸಿ. ತೆರೆಯ ಮೇಲೆ ಕಾಣುವ ಕಡುನೆರಳಿನ ವಿವರ ಕಾಗದದ ಮೇಲೆ ಬರೀ ಕಪ್ಪಾಗುತ್ತದೆ. ಅದನ್ನು ನೋಡಿ ಸ್ವಲ್ಪ ಬೆಳಗಿಸಿ, ಆಮೇಲೆ ಆರ್ಟ್ ಪೇಪರಿನ ಮೇಲೆ ತೆಗೆಸಿ.

ಮುಖಪುಟಕ್ಕೆ ನಿಜವಾದ ಪತ್ರಿಕೆಯ ಹೆಸರು ಬಳಸದೆ ನೀವೇ ಒಂದು ಹೆಸರು ಕಟ್ಟಿ. ಬೆಲೆ, ತಿಂಗಳು, ಬಾರ್‌ಕೋಡ್, ಎರಡು ಮೂರು ಒಳಪುಟದ ಸುದ್ದಿ ಇರಲಿ. ಪೋಸ್ಟರಿನಲ್ಲಿ ವಸ್ತು ಇದ್ದರೆ ಇಲ್ಲಿ ಮುಖ ಇರಲಿ, ಓದುವವರ ಕಣ್ಣನ್ನೇ ನೋಡುವ ಮುಖ. ನಮ್ಮ ನಾಯಕಿಯ ಬೆರಳ ತುದಿಯಲ್ಲಿ ಒಂಚೂರು ಹಿಟ್ಟು ಮಾತ್ರ ಇತ್ತು.

ಜನರ ಹತ್ತಿರ ತಲುಪಿಸುವುದು

1999ರಲ್ಲಿ 'ದಿ ಬ್ಲೇರ್ ವಿಚ್ ಪ್ರಾಜೆಕ್ಟ್' ತಂಡ ನಟರು ನಿಜವಾಗಿಯೂ ಕಾಣೆಯಾಗಿದ್ದಾರೆ ಅನ್ನುವ ಹಾಗೆ ವೆಬ್‌ಸೈಟ್ ಮಾಡಿ, ಕಾಣೆಯಾದವರ ಚೀಟಿ ಹಂಚಿತ್ತು. ಅದನ್ನು ಓದಿ ನೀವೂ ಸ್ಟೇಷನ್ನಿನ ಗೋಡೆಗೆ ಅಂಟಿಸಲು ಹೋಗಬೇಡಿ. ನಿಜವಾಗಿ ಕಾಣೆಯಾದವರ ಮನೆಯವರು ಅದೇ ಗೋಡೆ ನೋಡುತ್ತಿರುತ್ತಾರೆ. ಮೇಲಾಗಿ, ಗೋಡೆ ಕೆಡಿಸುವುದರ ವಿರುದ್ಧ ಮಹಾರಾಷ್ಟ್ರದಲ್ಲಿ 1995ರ ಕಾನೂನೇ ಇದೆ. ಕಾಲೇಜಿನ ನೋಟಿಸ್ ಬೋರ್ಡ್, ನಿಮ್ಮ ಕಡೆಯ ಕನ್ನಡ ಸಂಘದ ಬೋರ್ಡ್, ಪರಿಚಯದ ಉಡುಪಿ ಹೋಟೆಲಿನ ಗಲ್ಲಾ ಪಕ್ಕ, ಕೇಳಿ ಹಾಕಿ.

ರೀಲ್‌ಗೆ 1080×1920 ಅಳತೆಯಲ್ಲಿ ಹದಿನೈದು ಸೆಕೆಂಡಿನ ತುಣುಕು ಬೇರೆಯಾಗಿ ಕತ್ತರಿಸಿ. ನಾವು ಬರೀ ಸದ್ದನ್ನು ಹಾಕಿದೆವು. ಕಪ್ಪು ತೆರೆ, ರುಬ್ಬುವ ಸದ್ದು, 'ನಿಮ್ಮ ಮೇಲಿನ ಮನೆಯಲ್ಲಿ ಯಾರಿದ್ದಾರೆ?' ಅನ್ನುವ ಒಂದು ಸಾಲು. ಟ್ರೇಲರಿಗಿಂತ ಅದನ್ನೇ ಜನ ಜಾಸ್ತಿ ಹಂಚಿದರು. ಚಿತ್ರಮಂದಿರದಲ್ಲಿ ಹಾಕುವ ಯೋಗ ಬಂದರೆ ಟ್ರೇಲರಿಗೂ ಸೆನ್ಸಾರ್ ಪತ್ರ ಬೇಕು ಅನ್ನುವುದು ನೆನಪಿರಲಿ.

ಒಪ್ಪಿಸುವ ಮುಂಚೆ ಐದು ಜನರಿಗೆ ತೋರಿಸಿ. ಹೇಗಿದೆ ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ಎದುರಿಗೆ ಕೂತು ಅವರ ಮುಖ ನೋಡಿ. ಎಲ್ಲಿ ಕಣ್ಣು ಆಚೆ ಹೋಯಿತೋ ಅಲ್ಲಿ ಎರಡು ಸೆಕೆಂಡು ಕತ್ತರಿಸಿ.

ಕಾಲೇಜಿನ ಪ್ರೊಜೆಕ್ಟರ್ ಕಪ್ಪನ್ನು ಬೂದಿ ಬಣ್ಣ ಮಾಡುತ್ತದೆ. ತಿಂಗಳು ಕಷ್ಟಪಟ್ಟು ಇಳಿಸಿದ ನೆರಳು ಅಲ್ಲಿ ಮಂಜಿನ ಹಾಗೆ ಕಾಣುತ್ತದೆ. ಅದಕ್ಕೇ ಹಿಂದಿನ ದಿನವೇ ಪೆನ್‌ಡ್ರೈವ್ ಹಿಡಿದು ಹಾಲ್‌ಗೆ ಹೋಗಿ. ಒಂದು ಸಲ ಪೂರ್ತಿ ಹಾಕಿಸಿ, ಹಿಂದಿನ ಬೆಂಚಿನಲ್ಲಿ ಕೂತು ಸದ್ದು ಕೇಳಿ. ಬೇಕಾದರೆ ಪ್ರೊಜೆಕ್ಟರಿಗೆ ಅಂತಲೇ ನೆರಳು ಇನ್ನಷ್ಟು ಇಳಿಸಿದ ಇನ್ನೊಂದು ಪ್ರತಿ ಮಾಡಿಕೊಳ್ಳಿ. ಕಿಟಕಿಗಳ ಪರದೆ ಪೂರ್ತಿ ಮುಚ್ಚುತ್ತವಾ ಅಂತಲೂ ನೋಡಿ. ಮುಚ್ಚದಿದ್ದರೆ ಶೂಟಿಂಗಿಗೆ ತಂದಿದ್ದ ಆ ಕಪ್ಪು ಬೆಡ್‌ಶೀಟನ್ನೇ ಮರುದಿನ ಜೊತೆಗೆ ಒಯ್ಯಿರಿ.